‘ಇನ್ನೊಂದ್ ಅಂಗುಲ ಉದ್ದ ಮಾಡ್ರಿ’: ಗಿರಾಕಿಗೆ ಏನು ಹೇಳಬೇಕು?

ಹುಬ್ಬಳ್ಳಿಯ ಗಬ್ಬೂರ ಕ್ರಾಸಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಬೈಪಾಸಿಗೆ ಹೊರಳುತ್ತವೆ. ಅಂಥ ಲಾರಿಯಿಂದ ಬಿಚ್ಚಿ ಗುಜರಿಗೆ ಹಾಕಿದ ಹಳೇ ಪಾಟಾ (ಲೀಫ್ ಸ್ಪ್ರಿಂಗ್) ಚಾಕುವಿಗೆ ಒಳ್ಳೇ ಉಕ್ಕು. ಅದನ್ನು ಬಡಿದು ಸ್ವಂತ ವಿನ್ಯಾಸದ ಚಾಕು ಮಾಡುವವರಿಗೆ ಉಕ್ಕು ಬಗ್ಗುತ್ತದೆ, ಗಿರಾಕಿ ಬಗ್ಗುವುದಿಲ್ಲ. ‘ಇದs ಇರ್ಲಿ, ಆದ್ರ...’ ಎಂದು ಶುರುವಾಗುವ ಮಾತಿಗೆ ತಯಾರಿರಬೇಕು.

ಮೊದಲು ಆಕಾರದ ಮಾತು ಬಿಟ್ಟು ಕೆಲಸ ಕೇಳಿ. ಏನು ಕೊಯ್ಯುತ್ತೀರಿ, ಯಾವುದರ ಮೇಲಿಟ್ಟು? ‘ಉದ್ದ ಸಾಲದು’ ಎನ್ನುವವರ ತೊಂದರೆ ಎಷ್ಟೋ ಸಲ ಅಗಲದ್ದು: ಹೆಚ್ಚುವಾಗ ಬೆರಳಿನ ಗೆಣ್ಣು ಮಣೆಗೆ ಬಡಿಯುತ್ತಿರುತ್ತದೆ. ಹಿಡಿಕೆಯ ಬಳಿ ಅಲಗು ತುಸು ಅಗಲವಾದರೆ ಸಾಕು. ಖಾನಾವಳಿಯವರು ಉಳ್ಳಾಗಡ್ಡಿಗೆಂದು ತೆಳು ಅಲಗು ಕೇಳಿದರೆ ಮಾಡಿಕೊಡಿ. ಅದರಲ್ಲೇ ಎಲುಬೂ ಕಡಿಯುತ್ತೇವೆ ಎಂದರೆ ಬಾಯಿ ಚಕ್ಕೆ ಏಳುತ್ತದೆಂದು ಆಗಲೇ ಹೇಳಿ, ಎರಡು ಚಾಕುವಿನ ಲೆಕ್ಕ ಕೊಡಿ.

ಒಪ್ಪಿದ್ದನ್ನು ರಟ್ಟಿನ ಮೇಲೆ ನಿಜ ಅಳತೆಯಲ್ಲಿ ಬರೆದು ಕತ್ತರಿಸಿ, ಅವರ ಕೈಗೇ ಕೊಡಿ. ಹಿಡಿದು ನೋಡಿದಾಗ ಅರ್ಧ ಬದಲಾವಣೆಗಳು ಅಲ್ಲೇ ಮುಗಿಯುತ್ತವೆ. ಉದ್ದ, ಬೆನ್ನಿನ ದಪ್ಪ, ಹಿಡಿಕೆಯ ಕಟ್ಟಿಗೆ, ದರ ಎಲ್ಲವನ್ನೂ ಅದೇ ರಟ್ಟಿನ ಮೇಲೆ ಬರೆದು ಫೋಟೊ ಕಳಿಸಿ, ‘ಹೂಂ’ ಎಂದು ಉತ್ತರ ಬಂದ ಮೇಲೆ ಅರ್ಧ ಮುಂಗಡ ಪಡೆಯಿರಿ. ರಟ್ಟಿನ ತಿದ್ದುಪಡಿ ಪುಕ್ಕಟೆ, ಉಕ್ಕಿನದ್ದಕ್ಕೆ ದುಡ್ಡು.

ಬದಲಾವಣೆ ಯಾವ ಹಂತದಲ್ಲಿ ಬಂತು ಎನ್ನುವುದರ ಮೇಲೆಯೇ ದರ ಹೇಳಬೇಕು. ಹದ ಹಾಕುವ ಮುಂಚೆ ತೂತು ಕೊರೆಯಬಹುದು, ಮೊನೆ ತಿರುಗಿಸಬಹುದು, ಬೆನ್ನು ಇಳಿಸಬಹುದು. ಕಾದ ಅಲಗನ್ನು ಎಣ್ಣೆಗೆ ಅದ್ದಿದ ಮೇಲೆ ಡ್ರಿಲ್ ಬಿಟ್ ಜಾರುತ್ತದೆ, ಬಡಿದರೆ ಬಿರುಕು. ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಕಾಯಿಸಿ ಪೆಡಸು ತೆಗೆದಾಗ ಅಲಗಿಗೆ ಒಣಹುಲ್ಲಿನ ಬಣ್ಣ ಬರುತ್ತದೆ. ಆ ಅಲಗನ್ನು ಗ್ರೈಂಡರಿಗೆ ಒತ್ತಿ ಹಿಡಿದಿರೋ, ಬಾಯಲ್ಲಿ ನೀಲಿ ಮೂಡುತ್ತದೆ. ಅಷ್ಟು ಜಾಗದ ಹದ ಹೋಯಿತು. ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿ ಚೂರು ತುಂಡಿನ ಮೇಲೆ ಇದನ್ನೊಮ್ಮೆ ತೋರಿಸಿ, ವಾದಕ್ಕಿಂತ ಅದು ಅಗ್ಗ. ಮೊನೆ ಚೂರು ಗಿಡ್ಡ ಮಾಡುವುದಾದರೆ ಪದೇ ಪದೇ ನೀರಿಗದ್ದುತ್ತ ಮಾಡಬಹುದು. ಉದ್ದ ಮಾತ್ರ ಆಗದು, ಹೊಸದೇ ಬಡಿಯಬೇಕು. ಹಿಡಿಕೆ, ರಿವೆಟ್ ಹೊಡೆಯುವ ತನಕ ಅವರಿಷ್ಟ.

ಸ್ಟೇನ್‌ಲೆಸ್ ಬೇಕೆಂದರೆ ಇದ್ದಲಿನ ಕುಲುಮೆಯಲ್ಲಿ ಅದಕ್ಕೆ ಸರಿಯಾದ ಹದ ಸಿಗುವುದಿಲ್ಲವೆಂದು ನೇರ ಹೇಳಿ. ಒರೆಸಿ ಎಣ್ಣೆ ಸವರಿಟ್ಟರೆ ಪಾಟಾ ಚಾಕುವಿಗೂ ತುಕ್ಕು ಬಾರದು. ಇನ್ನೊಬ್ಬರ ಮೊಹರು ಒತ್ತಿಕೊಡುವ ಕೆಲಸ ಮಾತ್ರ ಬೇಡವೇ ಬೇಡ.

ದರ ಹೇಳದೆ ವಾಪಸು ಕಳಿಸಬೇಕಾದವರೂ ಇದ್ದಾರೆ. ಎರಡೂ ಕಡೆ ಬಾಯಿ ಬೇಕು, ಗೋಡೆಗೆ ತೂಗಲು ಮಾರುದ್ದ ಬೇಕು ಎನ್ನುವವರು. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕಲ್ಲದೆ ಮಾಡಿದ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬೀಳುತ್ತದೆ. ಇದನ್ನು ಅಂಗಡಿ ಗೋಡೆಗೆ ಬರೆದು ಹಾಕಿದರೆ ನಿಷ್ಠುರ ತಪ್ಪುತ್ತದೆ.

ಬಕ್ರೀದ್, ಮಹಾನವಮಿ ಹತ್ತಿರವಿದ್ದಾಗ ಯಾವ ತಿದ್ದುಪಡಿಯನ್ನೂ ಹಿಡಿಯಬೇಡಿ. ಆಗ ಸಾಣೆ ಹಿಡಿಸಲು ಬಂದವರನ್ನು ಸಾಗಹಾಕುವುದರಲ್ಲೇ ದಿನ ಹೋಗುತ್ತದೆ.