ಕಾರಿನ ಬ್ಯಾಟರಿ ಸತ್ತಿದೆಯೇ? ಬದಲಿಸುವ ಮುನ್ನ ಅಳೆದು ನೋಡಿ



ಆಂತರಿಕ ರೋಧವನ್ನು ಭೌತಶಾಸ್ತ್ರದಲ್ಲಿ ಓದುತ್ತೇವೆ, ಸೀಸದ ಬ್ಯಾಟರಿಯನ್ನು ರಸಾಯನಶಾಸ್ತ್ರದಲ್ಲಿ. ಪರೀಕ್ಷೆಯಲ್ಲಿ ಇವು ಎರಡು ಬೇರೆ ಪ್ರಶ್ನೆಗಳು. ಮನೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಂತಾಗ ಎರಡೂ ಸೇರಿ ಒಂದೇ ಪ್ರಶ್ನೆ. "ಬ್ಯಾಟರಿ ಹೋಯ್ತು, ಹೊಸದು ಹಾಕಿಸಿ" ಎಂದು ಯಾರಾದರೂ ಹೇಳುತ್ತಾರೆ; ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಆದರೆ ಚಾರ್ಜ್ ಮಾತ್ರ ಇಳಿದಿರಬಹುದು, ಟರ್ಮಿನಲ್ ಕೊಳೆಯಾಗಿರಬಹುದು, ಅಥವಾ ಬ್ಯಾಟರಿ ನಿಜವಾಗಿಯೂ ಸತ್ತಿರಬಹುದು. ಈ ಮೂರನ್ನು ಬೇರ್ಪಡಿಸಲು ಒಂದು ಸಾದಾ ಮಲ್ಟಿಮೀಟರ್ ಸಾಕು.

ಒಳಗೆ ಏನಿದೆ?

ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ರೂಪಿಸಿದರು. ಕಾರಿನ ಬ್ಯಾಟರಿಯಲ್ಲಿ ಇಂಥ 6 ಕೋಶಗಳು ಸರಣಿಯಲ್ಲಿವೆ. ಒಂದೊಂದಕ್ಕೆ ಸುಮಾರು 2.1 ವೋಲ್ಟ್, ಒಟ್ಟು 12.6. ವಿದ್ಯುತ್ ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಗಂಧಕಾಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಈ ಕ್ರಿಯೆ ಹಿಂದಕ್ಕೆ ನಡೆಯುತ್ತದೆ. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಸಲ್ಫೇಟ್ ಗಟ್ಟಿ ಹರಳಾಗಿ ಮತ್ತೆ ಕರಗದು. ಮನೆಯವರು ಪರವೂರಿನಲ್ಲಿದ್ದು ಶೆಡ್ಡಿನಲ್ಲೇ ನಿಂತ ಕಾರುಗಳ ಬ್ಯಾಟರಿ ಬೇಗ ಕೆಡುವುದು ಇದರಿಂದಲೇ.

ಹಂತ 1: ನೋಡಿ, ಕೇಳಿ

ಕೀ ತಿರುಗಿಸಿದಾಗ ದೀಪಗಳು ಮಂಕಾಗಿ ಬರೀ "ಟಕ್ ಟಕ್" ಸದ್ದು ಬಂದರೆ ಬ್ಯಾಟರಿ ಅಥವಾ ಅದರ ಜೋಡಣೆಯ ಮೇಲೆ ಅನುಮಾನ. ದೀಪ ಪ್ರಖರವಾಗಿದ್ದೂ ಸದ್ದೇ ಇಲ್ಲದಿದ್ದರೆ ಸ್ಟಾರ್ಟರ್ ಅಥವಾ ಫ್ಯೂಸ್ ಕಡೆ ನೋಡಬೇಕು. ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಬ್ಯಾಟರಿಯದು ತಪ್ಪಲ್ಲ.

ಹಂತ 2: ಸುಮ್ಮನಿದ್ದಾಗ ಅಳೆಯಿರಿ

ಕಾರು ಕೆಲವು ಗಂಟೆ ನಿಂತ ಬಳಿಕ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಅಳೆಯಿರಿ. 12.6 ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಖಾಲಿಯಾದದ್ದು ಸತ್ತದ್ದಲ್ಲ. ಮೊದಲು ಚಾರ್ಜ್ ಮಾಡಿ.

ಹಂತ 3: ಹೊರೆ ಹಾಕಿ ಅಳೆಯಿರಿ

ಮುಖ್ಯವಾದ ಹಂತ ಇದು. ಮೀಟರ್ ಎಳೆಯುವ ವಿದ್ಯುತ್ ತೀರಾ ಅಲ್ಪ. ಆದ್ದರಿಂದ ಹಳೆಯ ಬ್ಯಾಟರಿಯೂ 12.6 ತೋರಿಸಬಹುದು. ಸ್ಟಾರ್ಟರ್ ಮಾತ್ರ 150 ಆಂಪಿಯರ್‌ನಷ್ಟು ಕೇಳುತ್ತದೆ. ಆಂತರಿಕ ರೋಧ 0.01 ಓಮ್ ಇದ್ದರೆ ಒಳಗಿನ ನಷ್ಟ 1.5 ವೋಲ್ಟ್, ಹೊರಗೆ 11.1 ಸಿಗುತ್ತದೆ. ಅದೇ ರೋಧ 0.04 ಓಮ್‌ಗೆ ಏರಿದ್ದರೆ ಅಷ್ಟು ವಿದ್ಯುತ್ತಿಗೆ 6 ವೋಲ್ಟ್ ಒಳಗೇ ಹೋಗುತ್ತದೆ, ಉಳಿದ 6.6ರಲ್ಲಿ ಸ್ಟಾರ್ಟರ್ ತಿರುಗದು.

ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ದೊಡ್ಡವರೊಬ್ಬರು ಕೀ ತಿರುಗಿಸುವಾಗ ನೀವು ಮೀಟರ್ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಅದರ ಕಾಲ ಮುಗಿದಿದೆ.

ಇನ್ನೊಂದು ಪರೀಕ್ಷೆ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೂ ಇನ್ನೊಂದನ್ನು ಅದನ್ನು ಹಿಡಿದ ಕ್ಲಾಂಪ್‌ಗೂ ಮುಟ್ಟಿಸಿ, ಮತ್ತೆ ಕೀ ತಿರುಗಿಸಿ ಎನ್ನಿ. ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅಲ್ಲಿನ ಕೊಳೆಯೇ ಕಾರಣ.

ಸರಿಪಡಿಸುವುದು

* ಕೊಳೆ ಇದ್ದರೆ: ಇಂಜಿನ್ ಆಫ್ ಮಾಡಿ, ಮೊದಲು ಋಣ ಕ್ಲಾಂಪ್, ನಂತರ ಧನ ಕ್ಲಾಂಪ್ ಬಿಚ್ಚಿ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ. ಕೂಡಿಸುವಾಗ ಋಣ ಕೊನೆಗೆ. ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ.
* ಚಾರ್ಜ್ ಇಳಿದಿದ್ದರೆ: ಸಾಮರ್ಥ್ಯದ ಹತ್ತನೇ ಒಂದರಷ್ಟು ವಿದ್ಯುತ್ ಸಾಕು, 35 ಆಂಪಿಯರ್-ಗಂಟೆಯ ಬ್ಯಾಟರಿಗೆ 3.5 ಆಂಪಿಯರ್. ಮುಚ್ಚಳ ತೆರೆಯುವ ಬ್ಯಾಟರಿಯಲ್ಲಿ ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಬೇಡ.
* ತುರ್ತಿದ್ದರೆ: ಇನ್ನೊಂದು 12 ವೋಲ್ಟ್ ಕಾರಿನಿಂದ ಜಂಪರ್ ಕೇಬಲ್ ಕೊಡಬಹುದು. ಧನಕ್ಕೆ ಧನ ಕೂಡಿಸಿ. ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೆ ಹಾಕಿ, ಅದರ ಇನ್ನೊಂದು ತುದಿಯನ್ನು ಕೆಟ್ಟ ಬ್ಯಾಟರಿಯಿಂದ ದೂರ, ಇಂಜಿನ್ನಿನ ಲೋಹಕ್ಕೆ ಸಿಕ್ಕಿಸಿ. ಬಿಚ್ಚುವುದು ಹಿಂದುಮುಂದಾಗಿ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. 12.5ರ ಆಸುಪಾಸಿನಲ್ಲೇ ನಿಂತರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದು ಖಾಲಿಯಾಗುತ್ತದೆ.

ಎಚ್ಚರಿಕೆ

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಒಂದು ಕಿಡಿ ಸಾಕು, ಸ್ಫೋಟವಾಗಬಹುದು. ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಿ. ಬೆಂಕಿ ಹತ್ತಿರ ತರಬೇಡಿ. ಕನ್ನಡಕ, ಕೈಗವಸು ಇರಲಿ; ಉಂಗುರ, ಗಡಿಯಾರ ತೆಗೆದಿಡಿ. ಆಮ್ಲ ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ; ಕಣ್ಣಿಗೆ ಬಿದ್ದರೆ ತೊಳೆದು ವೈದ್ಯರ ಬಳಿ ಹೋಗಿ. ಉಬ್ಬಿದ, ಬಿರುಕುಬಿಟ್ಟ ಬ್ಯಾಟರಿಯನ್ನು ಮುಟ್ಟಬೇಡಿ. ಸೀಸ ವಿಷ; ಹಳೆಯ ಬ್ಯಾಟರಿಯನ್ನು ಎಸೆಯದೆ ಅಂಗಡಿಗೆ ಮರಳಿಸಿ.

ನೀವೇ ಉತ್ತರಿಸಿ

1. ತಲಾ 60 ವ್ಯಾಟ್‌ನ ಎರಡು ಹೆಡ್‌ಲೈಟ್ ಆರಿಸಲು ಮರೆತರೆ, 35 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಎಷ್ಟು ಹೊತ್ತು ಬಾಳುತ್ತದೆ?
2. ರಾತ್ರಿಯಿಡೀ ಚಾರ್ಜ್ ಮಾಡಿದರೂ ಬ್ಯಾಟರಿ 10.5 ವೋಲ್ಟ್ ಮಾತ್ರ ತೋರಿಸುತ್ತಿದೆ. ಒಳಗೆ ಏನಾಗಿರಬಹುದು?
3. ಋಣ ಕ್ಲಾಂಪನ್ನೇ ಮೊದಲು ಬಿಚ್ಚುವುದೇಕೆ? ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಏನಾಗುತ್ತದೆಂದು ಯೋಚಿಸಿ.

ಉತ್ತರಗಳನ್ನು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಅಲ್ಲಿ ಕೂತು ಚರ್ಚಿಸೋಣ.