ಪೈಪು ಮೊದಲು, ಪೆಟ್ಟಿಗೆ ಆಮೇಲೆ

ಮನೆ ಕಟ್ಟಿಸುವವರು ಆಟೊಮೇಷನ್ ಮಾಡುವ ನಮ್ಮಂಥವರನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಪೇಂಟಿಂಗ್ ಶುರುವಾಗುವ ಹೊತ್ತಿಗೆ. ‘ಯಾವ ಕಂಪನಿಯದು ಹಾಕಿಸೋಣ?’ ಎಂಬುದೇ ಮೊದಲ ಪ್ರಶ್ನೆ. ಕಂಪನಿ ಯಾವುದಾದರೂ ಕೆಲವು ವರ್ಷಕ್ಕೆ ಪೆಟ್ಟಿಗೆ ಹಳತಾಗುತ್ತದೆ. ಗೋಡೆಯೊಳಗಿನ ವೈರಿಂಗ್ ಪೈಪು ಮಾತ್ರ ಮನೆ ಇರುವವರೆಗೂ ಇರುತ್ತದೆ. ಬೆಂಗಳೂರಿನ ಮನೆಗಳಲ್ಲಿ ಆಟೊಮೇಷನ್, ಆಡಿಯೊ-ವಿಡಿಯೊ ಕೆಲಸ ಮಾಡುತ್ತ ಗಟ್ಟಿಯಾದ ಪಾಠಗಳಿವು.

1. ಸಾಮಾನಿನ ಪಟ್ಟಿಗೆ ಮೊದಲು ದಿನಚರಿ ಬರೆಯಿರಿ
ಬೆಳಿಗ್ಗೆ ಮೊದಲು ಏಳುವವರು ಯಾರು, ರಾತ್ರಿ ಬಚ್ಚಲಿಗೆ ಹೋಗುವ ಅಜ್ಜಿಗೆ ಯಾವ ದೀಪ ಬೇಕು, ಟಿವಿ ನೋಡುವುದು ಸೋಫಾದಲ್ಲೋ ಮಂಚದ ಮೇಲೋ, ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಣ್ಣ ಬದಲಿಸುವ ದೀಪದ ಮೋಜು ಬೇಗ ಇಳಿಯುತ್ತದೆ. ಟ್ಯಾಂಕ್ ತುಂಬಿದ ಕೂಡಲೇ ತಾನೇ ನಿಲ್ಲುವ, ಸಂಪಿನಲ್ಲಿ ನೀರಿಲ್ಲದಿದ್ದರೆ ಓಡದ ಮೋಟಾರನ್ನು ಯಾರೂ ಬಿಟ್ಟುಕೊಡುವುದಿಲ್ಲ.

2. ಎಲ್ಬೋ ಬೇಡ, ಬೆಂಡ್ ಇರಲಿ
ಟಿವಿಯ ಹಿಂಬದಿಯಿಂದ ಆಂಪ್ಲಿಫೈಯರ್ ಇಡುವ ಜಾಗಕ್ಕೆ 50 ಮಿ.ಮೀ. ಪೈಪು ಕೇಳಿ. ವೈರಿಂಗ್‌ನವರು ರೂಢಿಯಂತೆ 25 ಮಿ.ಮೀ. ಪೈಪು ಹಾಕಿ ಮೂಲೆಯಲ್ಲೊಂದು ಥಟ್ಟನೆ ತಿರುಗುವ ಎಲ್ಬೋ ಕೂರಿಸುತ್ತಾರೆ. ಎಚ್‌ಡಿಎಂಐ ಕೇಬಲ್ಲಿನ ತಲೆ ಸುಮಾರು 2 ಸೆಂ.ಮೀ. ಅಗಲ, ಅದರ ಹಿಂದೆ ಬಾಗದ ಗಟ್ಟಿ ಕವಚ. ನೇರ ಪೈಪಿನಲ್ಲಿ ಜಾರಿಕೊಂಡು ಬಂದದ್ದು ಎಲ್ಬೋ ಹತ್ತಿರ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ತಲೆ ಒಳಗೇ ಉಳಿದು ಬರೀ ತಂತಿ ಕೈಗೆ ಬರುತ್ತದೆ. ಅಗಲವಾದ ಬೆಂಡ್, ಕೇಬಲ್ ಎಳೆಯಲು ಒಳಗೊಂದು ಡ್ರಾ ವೈರ್, ಪಕ್ಕದಲ್ಲೊಂದು ಖಾಲಿ ಪೈಪು, ಇವಿಷ್ಟೂ ಗಾರೆ ಬೀಳುವ ಮೊದಲೇ ಆಗಬೇಕು. ಸ್ಪೀಕರ್, ನೆಟ್‌ವರ್ಕ್ ವೈರುಗಳನ್ನು 230 ವೋಲ್ಟಿನ ಪೈಪಿಗೆ ತುರುಕಬೇಡಿ. ಗುಂಯ್‌ಗುಡುವ ಸದ್ದು ಹಾಗಿರಲಿ, ಅದು ಅಪಾಯ.

3. ಕೇಬಲ್ ಒಯ್ಯುವ ದೂರಕ್ಕೆ ಮಿತಿಯಿದೆ
ಸಾಧಾರಣ ತಾಮ್ರದ ಎಚ್‌ಡಿಎಂಐ ಕೇಬಲ್ಲನ್ನು 4ಕೆ ಚಿತ್ರಕ್ಕೆ ಐದಾರು ಮೀಟರ್ ಆಚೆಗೆ ನಂಬುವಂತಿಲ್ಲ. ದೂರದ ಪ್ರೊಜೆಕ್ಟರ್‌ಗೆ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕುಂಟು: ಒಂದು ತುದಿ ಪ್ಲೇಯರ್ ಕಡೆಗೆ, ಇನ್ನೊಂದು ಪ್ರೊಜೆಕ್ಟರ್ ಕಡೆಗೆ. ನೆಲದ ಮೇಲೆ ಹರಡಿ, ಎರಡೂ ತುದಿ ಜೋಡಿಸಿ, ಚಿತ್ರ ಬಂದ ಮೇಲೆಯೇ ಪೈಪಿಗೆ ಇಳಿಸಿ.

4. ಪ್ರತಿ ಬೋರ್ಡಿಗೂ ನ್ಯೂಟ್ರಲ್
ದೀಪ ಆರಿದ್ದಾಗಲೂ ಸ್ಮಾರ್ಟ್ ಸ್ವಿಚ್ಚಿಗೆ ಒಂದಿಷ್ಟು ಕರೆಂಟ್ ಬೇಕು. ಹೆಚ್ಚಿನವಕ್ಕೆ ನ್ಯೂಟ್ರಲ್ ಇಲ್ಲದೆ ನಡೆಯುವುದಿಲ್ಲ. ಸಾಕೆಟ್ ಇರುವ ಬೋರ್ಡಿನಲ್ಲಿ ಅದು ಹೇಗೂ ಇರುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್ಚಿನಲ್ಲಿ, ಬಾಗಿಲ ಪಕ್ಕದ ಒಂಟಿ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಮಾರ್ಟ್ ಸ್ವಿಚ್ ಕೂರಲು ಗೋಡೆಯೊಳಗಿನ ಬಾಕ್ಸ್ ಆಳದ್ದಿರಲಿ. ಬಿಎಲ್‌ಡಿಸಿ ಫ್ಯಾನಿಗೆ ರೆಗ್ಯುಲೇಟರ್ ಮೂಲಕ ಕರೆಂಟ್ ಕೊಡಬೇಡಿ.

5. ಜಾಗ ಬದಲಿಸದ್ದಕ್ಕೆಲ್ಲ ವೈರ್
ಟಿವಿ, ಕ್ಯಾಮೆರಾ, ಸೀಲಿಂಗಿನ ವೈ-ಫೈ ಪೆಟ್ಟಿಗೆಗೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ. ಝಿಗ್‌ಬೀ ಸೆನ್ಸರ್‌ಗಳೂ ಹಲವು ವೈ-ಫೈ ಸಾಧನಗಳೂ ಓಡಾಡುವುದು ಅದೇ 2.4 ಗಿಗಾಹರ್ಟ್ಸ್‌ನಲ್ಲಿ. ಭಾರದ ವಿಡಿಯೊ ವೈರಿಗೆ ಹೋದರೆ ಉಳಿದವಕ್ಕೆ ದಾರಿ ಸಲೀಸು.

6. ಕರೆಂಟ್ ಹೋಗಿ ಬಂದಾಗ
ರೂಟರ್, ಸ್ಮಾರ್ಟ್ ಸಾಧನಗಳ ಹಬ್, ನೆಟ್‌ವರ್ಕ್ ಸ್ವಿಚ್ ಮೂರೂ ಯುಪಿಎಸ್ ಲೈನಿನಲ್ಲಿರಲಿ. ಕರೆಂಟ್ ಮರಳಿದಾಗ ದೀಪ ಯಾವ ಸ್ಥಿತಿಯಲ್ಲಿರಬೇಕೆಂಬ ಸೆಟ್ಟಿಂಗ್ ಹಲವು ಸಾಧನಗಳಲ್ಲಿದೆ. ಅದನ್ನು ನೋಡದೆ ಬಿಟ್ಟರೆ ರಾತ್ರಿ ಎರಡಕ್ಕೆ ಮನೆಯೆಲ್ಲ ಝಗಮಗಿಸಿ ಎಲ್ಲರೂ ಎದ್ದು ಕೂರುತ್ತಾರೆ.

7. ನೆಂಟರ ಪರೀಕ್ಷೆ
ಹಬ್ಬಕ್ಕೆ ಬಂದ ನೆಂಟರು ಯಾರನ್ನೂ ಕೇಳದೆ ಬಚ್ಚಲ ದೀಪ ಹಾಕಿಕೊಳ್ಳುವಂತಿರಬೇಕು. ಇಂಟರ್ನೆಟ್ ಇಲ್ಲದಿದ್ದರೂ ಗೋಡೆಯ ಸ್ವಿಚ್ ನಡೆಯಬೇಕು. ಹಾಲಿನಲ್ಲಿ ‘ಸಿನಿಮಾ’ ಎಂಬ ಒಂದೇ ಗುಂಡಿಗೆ ಪರದೆ ಮುಚ್ಚಿ, ದೀಪ ಇಳಿದು, ಟಿವಿ ಮತ್ತು ಆಂಪ್ಲಿಫೈಯರ್ ಎರಡೂ ಎಚ್ಚರವಾಗಬೇಕು. ಟೀಪಾಯಿಯ ಮೇಲೆ ಇನ್ನೂ ಐದು ರಿಮೋಟ್ ಬಿದ್ದಿದ್ದರೆ ಕೆಲಸ ಮುಗಿದಿಲ್ಲ.

8. ದಾಖಲೆ ಮನೆಯವರದು
ಗಾರೆಗೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆಯಿರಿ. ನಾಳೆ ಮೊಳೆ ಹೊಡೆಯುವವನಿಗೆ ಪೈಪು ಎಲ್ಲಿದೆಯೆಂದು ಗೊತ್ತಾಗುತ್ತದೆ. ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ. ಆ್ಯಪ್‌ನ ಮುಖ್ಯ ಖಾತೆ, ಪಾಸ್‌ವರ್ಡ್ ಮನೆಯವರ ಹೆಸರಿನಲ್ಲಿರಲಿ, ಕಂಟ್ರಾಕ್ಟರ್ ಹೆಸರಿನಲ್ಲಲ್ಲ. ಇಷ್ಟೂ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ, ನನಗಾದರೂ ಅಷ್ಟೇ.