ಕುರಿ ಬಂದ ಪುಟ ಹಾರಿಸಬೇಡ

ಆರ್ವೆಲ್‌ನ 'ಅನಿಮಲ್ ಫಾರ್ಮ್' ಒಂದೇ ರಾತ್ರಿಗೆ ಮುಗಿಸಿದೆಯಂತೆ, ಭೇಷ್! ನೆಪೋಲಿಯನ್ ಹಂದಿ ಅಂದರೆ ಸ್ಟಾಲಿನ್, ಸ್ನೋಬಾಲ್ ಹಂದಿ ಅಂದರೆ ಟ್ರಾಟ್ಸ್ಕಿ ಅಂತ ಅಂಚಿನಲ್ಲಿ ಗೀಚಿಯೂ ಇದ್ದೀಯ. ಅಷ್ಟಕ್ಕೇ ಪುಸ್ತಕ ಅರಗಿತು ಅಂದುಕೊಂಡೆಯಾ ಮಗಾ? ಊಟಕ್ಕೆ ಕೂತು ಹಪ್ಪಳ ಮಾತ್ರ ಮುರಿದು ಎದ್ದ ಹಾಗಾಯಿತು.

ದೊಡ್ಡವರ ಜಗಳ ಯಾರ ಕಣ್ಣಿಗಾದರೂ ಬೀಳುತ್ತದೆ. ನೀನು ಕುರಿಗಳನ್ನು ನೋಡು. ಒಂದಕ್ಕೂ ಹೆಸರಿಲ್ಲ. ನಾಲ್ಕು ಕಾಲು ಒಳ್ಳೆಯದು, ಎರಡು ಕಾಲು ಕೆಟ್ಟದ್ದು ಅನ್ನುವ ಒಂದೇ ಕೂಗು ಅವಕ್ಕೆ ಬರುವುದು. ಸ್ನೋಬಾಲ್ ಭಾಷಣದಲ್ಲಿ ಮುಖ್ಯ ಮಾತಿಗೆ ಬಂದ ಅಂದರೆ ಸಾಕು, ಶುರು ಹಚ್ಚಿಕೊಳ್ಳುತ್ತಿದ್ದವು. ನೆಪೋಲಿಯನ್ ಭಾನುವಾರದ ಸಭೆ ರದ್ದು ಮಾಡಿದಾಗ ನಾಲ್ಕು ಎಳೆ ಹಂದಿಗಳು ತಕರಾರು ತೆಗೆದವು. ಅವನ ನಾಯಿಗಳು ಗುರ್ ಅಂದವು, ಹಂದಿಗಳು ಕೂತವು. ಆಮೇಲೆ ಕುರಿಗಳು ಸುಮಾರು ಕಾಲು ಗಂಟೆ ಅರಚಿದವು. ಚರ್ಚೆ ಅಲ್ಲಿಗೆ ಮುಗಿಯಿತು.

ಕೊನೆಯಲ್ಲಿ ಹಂದಿಗಳ ವಕ್ತಾರ ಸ್ಕ್ವೀಲರ್ ಈ ಕುರಿಗಳನ್ನು ಒಂದು ಪಾಳು ಜಾಗಕ್ಕೆ ಕರೆದೊಯ್ದು ವಾರವಿಡೀ ಇಟ್ಟುಕೊಂಡ. ಯಾಕೆ ಅಂತ ಹಂದಿಗಳು ಎರಡೇ ಕಾಲಲ್ಲಿ ನಡೆದು ಬಂದ ದಿನ ತಿಳಿಯಿತು. ಉಳಿದ ಪ್ರಾಣಿಗಳು ಹೆದರಿಕೆ ನುಂಗಿಕೊಂಡು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕುರಿಗಳು ಎರಡು ಕಾಲಿನ ಜಯಕಾರ ಹೊಡೆದವು, ಐದು ನಿಮಿಷ ಬಿಡುವಿಲ್ಲದೆ. ಅವು ಸುಮ್ಮನಾಗುವ ಹೊತ್ತಿಗೆ ಹಂದಿಗಳು ಮನೆಯೊಳಗೆ ಹೋಗಿಯಾಗಿತ್ತು.

ಆ ನಾಯಿಗಳಾದರೂ ಎಲ್ಲಿಂದ ಬಂದವು? ಜೆಸ್ಸಿ, ಬ್ಲೂಬೆಲ್ ಎಂಬ ನಾಯಿಗಳು ಹೆತ್ತ ಒಂಬತ್ತು ಮರಿಗಳು. ಮೊಲೆ ಬಿಡುತ್ತಿದ್ದಂತೆ ವಿದ್ಯೆ ಕಲಿಸುತ್ತೇನೆ ಅಂತ ನೆಪೋಲಿಯನ್ ಅಟ್ಟ ಹತ್ತಿಸಿದ. ಎಲ್ಲರೂ ಮರೆತರು. ಆರ್ವೆಲ್ ಇದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನಿನ್ನಂಥ ಓಟಗಾರರು ಜಾರುವುದೇ ಅಲ್ಲಿ.

ಹಾಲು, ಸೇಬು ಹಂದಿಗಳ ಪಾಲಾದದ್ದೇ ಕಥೆಯ ತಿರುವು ಅಂತ ಆರ್ವೆಲ್ 1946ರಲ್ಲಿ ಅಮೆರಿಕದ ವಿಮರ್ಶಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಪತ್ರ ಬರೆದಿದ್ದ. ಹಾಲಿನ ಬಕೆಟ್ಟುಗಳ ಮುಂದೆ, ಹಳೆಯ ಯಜಮಾನ ಜೋನ್ಸ್ ನಮ್ಮ ಮೇವಿಗೂ ಒಂದಿಷ್ಟು ಬೆರೆಸುತ್ತಿದ್ದ ಅಂತ ಒಂದು ಕೋಳಿ ನೆನಪಿಸಿತ್ತು, ಪಾಪ. ಹುಲ್ಲು ಕೊಯ್ದು ಬರುವಷ್ಟರಲ್ಲಿ ಹಾಲು ಮಾಯ. ಆ ಕೋಳಿಯ ಮಾತು ಯಾರೂ ಹಿಡಿದು ಕೇಳಲಿಲ್ಲ.

ನನಗೆ ಹಂದಿಗಳಿಗಿಂತ ಹೆಚ್ಚು ಸಿಟ್ಟು ಬೆಂಜಮಿನ್ ಕತ್ತೆಯ ಮೇಲೆ. ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ, ಓದುವುದಿಲ್ಲ! ಗೋಡೆಯ ಮೇಲಿನ ಆರನೆಯ ಕಟ್ಟಳೆ ಓದಿ ಹೇಳು ಅಂತ ಕ್ಲೋವರ್ ಕುದುರೆ ಬಂದು ಕೇಳಿದರೆ, ಇಂಥದ್ದಕ್ಕೆಲ್ಲ ತಲೆ ಹಾಕುವುದಿಲ್ಲ ಅಂದ. ಅವಳು ಮ್ಯೂರಿಯೆಲ್ ಮೇಕೆಯನ್ನು ಕರೆತರಬೇಕಾಯಿತು. ಕೊನೆಗೆ ಗೆಳೆಯ ಬಾಕ್ಸರ್ ಕುದುರೆಯನ್ನು ಗಾಡಿಗೆ ಹತ್ತಿಸಿದಾಗ ಓಡೋಡಿ ಬಂದು, ಗಾಡಿಯ ಮೇಲಿದ್ದ ಕುದುರೆ ಕಟುಕನ ಹೆಸರು ಓದಿ ಹೇಳಿದ. ಆಗ ಒದ್ದು ಹೊರಬರುವ ಶಕ್ತಿ ಬಾಕ್ಸರನಿಗೆ ಉಳಿದಿರಲಿಲ್ಲ. ಬೆಂಜಮಿನ್‌ನನ್ನು ಜ್ಞಾನಿ ಅಂತ ಮೆಚ್ಚುವವರಿದ್ದಾರೆ. ಮೆಚ್ಚಲಿ. ಅಂಥವರು ನಮ್ಮ ಕೇರಿಯಲ್ಲೂ ಸಿಗುತ್ತಾರೆ. ಎಲ್ಲ ಗೊತ್ತು, ಸಹಿ ಹಾಕು ಅಂದರೆ ಮಾತ್ರ ಕನ್ನಡಕ ಮನೆಯಲ್ಲಿ ಮರೆತಿರುತ್ತಾರೆ.

ಇನ್ನೊಂದು ಸಲ ಓದು, ನಿಧಾನಕ್ಕೆ. ಈ ಸಲ ಬೆಕ್ಕಿನ ಹಿಂದೆ ಹೋಗು. ಇಲಿಗಳು ನಮ್ಮವರೋ ಅಲ್ಲವೋ ಅಂತ ಮತ ಹಾಕುವಾಗ ಎರಡೂ ಕಡೆ ಹಾಕಿತಲ್ಲ, ಅದೇ. ಕೆಲಸದ ಹೊತ್ತಿಗೆ ಇಲ್ಲ, ಊಟದ ಹೊತ್ತಿಗೆ ಹಾಜರು. ತಪ್ಪೊಪ್ಪಿಕೊಂಡ ಪ್ರಾಣಿಗಳ ಕುತ್ತಿಗೆಯನ್ನು ನಾಯಿಗಳು ಸೀಳಿದ ಆ ದಿನ, ಸಭೆ ಸೇರಿ ಅಂತ ನೆಪೋಲಿಯನ್ ಹೇಳುವ ಮೊದಲೇ ಅದು ಎತ್ತಲೋ ಜಾರಿಕೊಂಡಿತ್ತು. ಅದಕ್ಕೆ ಹೇಗೆ ಗೊತ್ತಾಯಿತು? ಓದಿ ಬಂದು ನನಗೆ ಹೇಳು.